ಅಮ್ಮನ ಟಿಕೆಟ್ ರದ್ದು ಮಾಡಬೇಡಿ

ರೀಡಿಂಗ್, ಇಂಗ್ಲೆಂಡ್
11 ಫೆಬ್ರುವರಿ 2019

ತೀರ್ಥರೂಪ ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾವಿಬ್ಬರೂ ಕ್ಷೇಮ, ಅತ್ತ ನಿಮ್ಮೆಲ್ಲರ ಕ್ಷೇಮಕ್ಕೆ ಬರೆಯುವುದು. ಸೀತತ್ತೆಯ ಮಂಡಿನೋವು ಇಳಿಯಿತೆಂದು ತಿಳಿದು ಸಮಾಧಾನವಾಯಿತು.

ನೀವು ಜನವರಿ 30ರಂದು ಬರೆದ ಪತ್ರ ಶುಕ್ರವಾರ ತಲುಪಿತು. ಅದರೊಳಗೆ ಮಡಿಸಿಟ್ಟಿದ್ದ ಪತ್ರಿಕೆಯ ತುಣುಕನ್ನೂ, ಅದರ ಮೇಲೆ ನೀವು ಕೆಂಪು ಶಾಯಿಯಲ್ಲಿ ಎಳೆದ ಗೆರೆಗಳನ್ನೂ ನೋಡಿದೆ. ಮಾರ್ಚ್ 29ರ ರಾತ್ರಿ ಬ್ರಿಟನ್ ಯಾವ ಒಪ್ಪಂದವೂ ಇಲ್ಲದೆ ಯುರೋಪಿಯನ್ ಒಕ್ಕೂಟದಿಂದ ಹೊರಬಿದ್ದರೆ ಇಲ್ಲಿ ಊಟಕ್ಕೆ ತತ್ವಾರವಾಗುತ್ತದೆಂದೂ, ಅಂಥ ಹೊತ್ತಿನಲ್ಲಿ ಬಾಣಂತನಕ್ಕೆಂದು ಅಮ್ಮನನ್ನು 24ರಂದು ವಿಮಾನ ಹತ್ತಿಸುವುದಕ್ಕಿಂತ ನಾನೇ ಊರಿಗೆ ಬಂದುಬಿಡುವುದು ಮೇಲೆಂದೂ ಬರೆದಿದ್ದೀರಿ. ಅಮ್ಮ ಬರದೆ ಹೋದರೆ ನನ್ನ ಗತಿಯೇನು ಎಂಬ ಯೋಚನೆಯಲ್ಲಿ ಎರಡು ರಾತ್ರಿ ನಿದ್ದೆಗೆಟ್ಟೆ. ನನಗೀಗ ಏಳು ತಿಂಗಳು. 28 ವಾರ ಕಳೆದ ಮೇಲೆ ವಿಮಾನದವರು ವೈದ್ಯರ ಪತ್ರ ಕೇಳುತ್ತಾರೆ, 36 ದಾಟಿದರೆ ಬಹುತೇಕ ಕಂಪನಿಗಳು ಹತ್ತಿಸಿಕೊಳ್ಳುವುದೇ ಇಲ್ಲ. ಅಲ್ಲದೆ ನನ್ನ ತಪಾಸಣೆಗಳೆಲ್ಲ ಇಲ್ಲೇ ನಡೆದಿವೆ, ಇವರ ರಜೆಯೂ ಇಲ್ಲೇ ಮಂಜೂರಾಗಿದೆ. ಆದ್ದರಿಂದ ನಾನು ಬರುವ ಮಾತನ್ನು ಬಿಟ್ಟುಬಿಡಿ. ಅಮ್ಮ ಬಂದರೆ ಈ ಮನೆಯಲ್ಲಿ ಉಣ್ಣಲು ಏನಿರುತ್ತದೆ ಎಂಬುದನ್ನು ಮಾತ್ರ ವಿವರವಾಗಿ ಬರೆಯುತ್ತೇನೆ.

ಪತ್ರಿಕೆಯಲ್ಲಿ ಬಂದದ್ದು ಸುಳ್ಳೇನೂ ಅಲ್ಲ. ಈ ದೇಶ ತಾನು ತಿನ್ನುವುದರಲ್ಲಿ ಸುಮಾರು ಅರ್ಧದಷ್ಟನ್ನು ಮಾತ್ರ ತಾನೇ ಬೆಳೆಯುತ್ತದೆ. ಹತ್ತಿರ ಹತ್ತಿರ ಶೇ. 30ರಷ್ಟು ಯುರೋಪಿನಿಂದ ಬರುತ್ತದೆ, ಅದರಲ್ಲಿ ಬಹಳಷ್ಟು ಫ್ರಾನ್ಸಿನ ಕ್ಯಾಲೆಯಿಂದ ಡೋವರ್ ಬಂದರಿಗೆ ಲಾರಿಗಳಲ್ಲಿ ಬಂದಿಳಿಯುತ್ತದೆ. ಜನವರಿ 15ರಂದು ಇಲ್ಲಿನ ಪ್ರಧಾನಿ ತೆರೇಸಾ ಮೇ ಒಕ್ಕೂಟದೊಂದಿಗೆ ಮಾಡಿಕೊಂಡ ಒಪ್ಪಂದ ಸಂಸತ್ತಿನಲ್ಲಿ 202ರ ವಿರುದ್ಧ 432 ಮತಗಳಿಂದ ಬಿದ್ದುಹೋದ ಮೇಲೆ, 28ರಂದು ದೊಡ್ಡ ಅಂಗಡಿಗಳವರು ಕೂಡಿ ಸಂಸದರಿಗೆ ಪತ್ರ ಬರೆದು, ಮಾರ್ಚ್ ತಿಂಗಳಲ್ಲಿ ತಾವು ಮಾರುವ ಲೆಟ್ಯೂಸ್ ಸೊಪ್ಪಿನಲ್ಲಿ ಶೇ. 90, ಟೊಮೆಟೊದಲ್ಲಿ ಶೇ. 80, ಸ್ಟ್ರಾಬೆರಿಯಂಥ ಮೆತ್ತನೆಯ ಹಣ್ಣುಗಳಲ್ಲಿ ಶೇ. 70 ಯುರೋಪಿನದೇ ಎಂದೂ, ಹಸಿ ಪದಾರ್ಥವನ್ನು ಮುಂಚಿತವಾಗಿ ಕೂಡಿಡಲು ಆಗುವುದಿಲ್ಲವೆಂದೂ ಎಚ್ಚರಿಸಿದರು. ನೀವು ಎರಡೆರಡು ಬಾರಿ ಗೆರೆ ಎಳೆದಿರುವುದು ಈ ಸಾಲಿಗೇ. ಇದನ್ನು ದಯವಿಟ್ಟು ಅಮ್ಮನಿಗೆ ಓದಿ ಹೇಳಿ. ಹಸಿ ಸೊಪ್ಪು, ಟೊಮೆಟೊ, ಸ್ಟ್ರಾಬೆರಿ, ಈ ಮೂರರಲ್ಲಿ ಯಾವುದನ್ನು ಅಮ್ಮ ಬಾಣಂತಿಯ ಹತ್ತಿರ ಸುಳಿಯಲು ಬಿಟ್ಟಾರು?

ನಮಗೆ ಬೇಕಾದ ಅಕ್ಕಿ ಬೇಳೆ ಬರುವ ದಾರಿಯೇ ಬೇರೆ. ಅಕ್ಕಿ ನಮ್ಮ ದೇಶದಿಂದಲೇ ಹಡಗಿನಲ್ಲಿ ಬರುತ್ತದೆ; ತೊಗರಿಬೇಳೆಯ ಪೊಟ್ಟಣದ ಮೇಲೆ ಆಫ್ರಿಕಾದ ಮಲಾವಿ ಎಂದಿದೆ. ಆದರೂ ನಾವು ಕೈಕಟ್ಟಿ ಕುಳಿತಿಲ್ಲ. ಡಿಸೆಂಬರಿನಲ್ಲಿ ಎರಡು ವಾರ, ದಿನಕ್ಕೆ ಎಷ್ಟು ಬೇಯಿಸುತ್ತೇವೆಂದು ಅಳೆದು ಪುಸ್ತಕದಲ್ಲಿ ಬರೆದಿಟ್ಟೆ. ಅಮ್ಮನೂ ಸೇರಿ ಮೂವರಿಗೆ ದಿನಕ್ಕೆ 400 ಗ್ರಾಂ ಅಕ್ಕಿ, 150 ಗ್ರಾಂ ಬೇಳೆಯೆಂದು ಹಿಡಿದರೆ ಆರು ವಾರಕ್ಕೆ 17 ಕಿಲೋ ಅಕ್ಕಿ, ಆರೂಕಾಲು ಕಿಲೋ ಬೇಳೆ ಸಾಕು. ಈಗ ಮನೆಯಲ್ಲಿ 20 ಕಿಲೋ ಅಕ್ಕಿ, 8 ಕಿಲೋ ಬೇಳೆ, 5 ಕಿಲೋ ರಾಗಿಹಿಟ್ಟು, ರವೆ, ಅವಲಕ್ಕಿ, ಎಣ್ಣೆ, ಹುಣಸೆಹಣ್ಣು ಇವೆ. ಫ್ರಿಜ್ಜಿಲ್ಲದೆಯೂ ತಿಂಗಳುಗಟ್ಟಲೆ ಕೆಡದ ಹಾಲಿನ ಪೆಟ್ಟಿಗೆಗಳು ಹನ್ನೆರಡಿವೆ. ಒಂದೇ ದಿನ ಹೋಗಿ ಅಂಗಡಿ ಬರಿದು ಮಾಡಿದರೆ ಹಿಂದೆ ನಿಂತವರಿಗೆ ಇಲ್ಲದಂತಾಗುತ್ತದೆಂದು ವಾರವಾರವೂ ಒಂದೆರಡು ಪದಾರ್ಥಗಳನ್ನು ಮಾತ್ರ ಹೆಚ್ಚಿಗೆ ತಂದೆವು. ಒಟ್ಟು 120 ಪೌಂಡು ಖರ್ಚಾಗಿದೆ. ನೀವು ಹೇಗೂ ರೂಪಾಯಿಗೆ ಗುಣಿಸುತ್ತೀರಿ, ಹನ್ನೊಂದು ಸಾವಿರ. ಅದರಲ್ಲಿ ಪೋಲಾಗುವಂಥದ್ದು ಒಂದೂ ಇಲ್ಲ. ಬ್ರೆಕ್ಸಿಟ್, ಅಂದರೆ ಒಕ್ಕೂಟದಿಂದ ಹೊರಬೀಳುವುದು, ಆಗದಿದ್ದರೂ ತಿಂದು ಮುಗಿಸುವುದೇ.

ಒಂದು ಪೆದ್ದುತನವನ್ನು ಮಾತ್ರ ಒಪ್ಪಿಕೊಳ್ಳಬೇಕು. ಬೆಚ್ಚಗಿದ್ದರೆ ಮುಗ್ಗಲು ಹಿಡಿಯದೆಂದು ಮೊದಲು ತಂದ ಬೇಳೆಯನ್ನು ಬಿಸಿನೀರಿನ ಬಾಯ್ಲರ್ ಇರುವ ಕಪಾಟಿನಲ್ಲಿ ಇಟ್ಟಿದ್ದೆ. ಸಂಕ್ರಾಂತಿಯಂದು ಡಬ್ಬದ ಮುಚ್ಚಳ ತೆಗೆದರೆ ನುಸಿ! ಆ ಬೆಚ್ಚಗೆ ನನಗಿಂತ ಅವಕ್ಕೇ ಹಿತವಾಗಿತ್ತು. ಅಮ್ಮನಿಗೆ ಫೋನು ಮಾಡಿ ಬೈಗುಳದ ಜೊತೆಗೆ ಉಪಾಯವನ್ನೂ ಪಡೆದುಕೊಂಡೆ. ಇಲ್ಲಿ ಹರಳೆಣ್ಣೆ ಸಿಗುವುದು ಔಷಧಿ ಅಂಗಡಿಯಲ್ಲಿ, ಕೆಮ್ಮಿನ ಔಷಧಿಯಷ್ಟು ಚಿಕ್ಕ ಶೀಶೆಯಲ್ಲಿ. ನಾಲ್ಕು ಶೀಶೆ ಒಟ್ಟಿಗೆ ಕೇಳಿದ್ದಕ್ಕೆ ಅಂಗಡಿಯ ಹುಡುಗಿ ನನ್ನ ಹೊಟ್ಟೆಯನ್ನೂ ಮುಖವನ್ನೂ ಬದಲಿಸಿ ಬದಲಿಸಿ ನೋಡಿ, ಗರ್ಭಿಣಿಯರು ಇದನ್ನು ಕುಡಿಯಬಾರದೆಂದು ಗಂಭೀರವಾಗಿ ಎಚ್ಚರಿಸಿದಳು. ಬೇಳೆಗೆ ಸವರಲು ಎಂದರೆ ಅವಳಿಗೆ ನಂಬಿಕೆ ಬರಲಿಲ್ಲ. ಹಾಲ್‌ನಲ್ಲಿ ಹಳೆಯ ಪಂಚೆ ಹಾಸಿ, ಹೊಸ ಬೇಳೆಗೆ ಅಂಗೈಯಿಂದ ಎಣ್ಣೆ ಸವರುತ್ತ ಕುಳಿತಾಗ ಆ ವಾಸನೆಗೆ ನಮ್ಮ ಉಗ್ರಾಣವೇ ಕಣ್ಣಮುಂದೆ ಬಂತು. ಅಕ್ಕಿಯನ್ನು ಪಾಲು ಪಾಲಾಗಿ ನಾಲ್ಕು ದಿನ ಫ್ರೀಜರಿನಲ್ಲಿಟ್ಟು ತೆಗೆದು, ಒಣಮೆಣಸಿನಕಾಯಿ ಹಾಕಿ ಬಿಗಿ ಡಬ್ಬಗಳಲ್ಲಿ ತುಂಬಿದ್ದೇನೆ. ತಾತನ ನೆಲದಡಿಯ ಹಗೇವಿನಲ್ಲಿ ವರ್ಷಗಟ್ಟಲೆ ರಾಗಿ ಕೆಡದೆ ಇರುತ್ತಿತ್ತೆಂದು ಇವರಿಗೆ ಹೇಳಿದರೆ, ಹಿತ್ತಲಿನಲ್ಲಿ ಗುಂಡಿ ತೋಡಲು ಮನೆಯ ಮಾಲೀಕರನ್ನು ಕೇಳಲೇ ಎಂದು ತಮಾಷೆ ಮಾಡುತ್ತಾರೆ.

ನಿಜವಾಗಿ ಯೋಚನೆ ಇದ್ದದ್ದು ಎರಡಕ್ಕೆ, ಬೆಳ್ಳುಳ್ಳಿ ಮತ್ತು ತುಪ್ಪ. ಇಲ್ಲಿ ನಾವು ಕೊಳ್ಳುವ ಬೆಳ್ಳುಳ್ಳಿ ಸ್ಪೇನಿನದು, ಅದು ಬರುವುದು ಆ ಲಾರಿಗಳಲ್ಲೇ. ಆದ್ದರಿಂದ ಎರಡು ಕಿಲೋ ತಂದು, ಗಾಳಿಯಾಡುವ ಬಲೆಚೀಲದಲ್ಲಿ ಅಡುಗೆಮನೆಯ ಬಾಗಿಲ ಹಿಂದೆ ತೂಗುಹಾಕಿದ್ದೇನೆ. ತುಪ್ಪವನ್ನು ಅಮ್ಮ ಊರಿನಿಂದ ತರುವ ಹಾಗಿಲ್ಲ, ಇದನ್ನು ಖಂಡಿತ ನೆನಪಿಡಿ: ನಮ್ಮ ದೇಶದಿಂದ ಬರುವವರು ಹಾಲಿನ ಯಾವ ಪದಾರ್ಥವನ್ನೂ ಒಳಗೆ ತರಬಾರದು, ವಿಮಾನ ನಿಲ್ದಾಣದಲ್ಲಿ ಕಿತ್ತುಕೊಳ್ಳುತ್ತಾರೆ. ಹಾಗೆಂದೇ ಪ್ರತಿ ಭಾನುವಾರ ನಾಲ್ಕು ಪೊಟ್ಟಣ ಬೆಣ್ಣೆ ಕಾಯಿಸುತ್ತಿದ್ದೇನೆ. ಈಗ ಮೂರು ಜಾಡಿ ತುಂಬಿವೆ, ಮರಳು ಮರಳಾಗಿ ಹೆಪ್ಪುಗಟ್ಟಿವೆ. ಬಣ್ಣ ಅಮ್ಮನ ತುಪ್ಪಕ್ಕಿಂತ ಹಳದಿ, ಘಮ ಸ್ವಲ್ಪ ಕಡಿಮೆ.

ಈ ಜನರ ಅವಾಂತರ ನೋಡಿದರೆ ನಿಮಗೂ ನಗು ಬಂದೀತು. ಜನವರಿ 7ರಂದು ಮ್ಯಾನ್‌ಸ್ಟನ್ ಎಂಬ ಹಳೆಯ ವಿಮಾನ ನಿಲ್ದಾಣದಲ್ಲಿ 89 ಲಾರಿಗಳನ್ನು ಸಾಲಾಗಿ ನಿಲ್ಲಿಸಿ, ಡೋವರ್‌ಗೆ ಓಡಿಸಿ, ಸರ್ಕಾರವೇ ವಾಹನದಟ್ಟಣೆಯ ತಾಲೀಮು ನಡೆಸಿತು. ತುರ್ತಿಗೆ ಹಡಗು ಓಡಿಸಲು 1.38 ಕೋಟಿ ಪೌಂಡಿನ ಗುತ್ತಿಗೆ ಪಡೆದ ಕಂಪನಿಯ ಬಳಿ ಒಂದು ಹಡಗೂ ಇರಲಿಲ್ಲ. ಆ ಗುತ್ತಿಗೆ ಮೊನ್ನೆ ಶನಿವಾರ ರದ್ದಾಯಿತು. ಮುನ್ನೂರು ಪೌಂಡಿನ ಆಸುಪಾಸಿಗೆ ಬ್ರೆಕ್ಸಿಟ್ ಪೆಟ್ಟಿಗೆ ಎಂದು ಒಣಗಿಸಿದ ಊಟ, ನೀರು ಸೋಸುವ ಸಾಧನ ತುಂಬಿ ಮಾರುತ್ತಿದ್ದಾರೆ. ನಮ್ಮ ಬೀದಿಯಲ್ಲಿ ಎಲ್ಲರೂ ಕೂಡಿಡುತ್ತಿರುವುದು ಯಾವುದನ್ನು ಗೊತ್ತೇ? ಶೌಚಾಲಯದ ಕಾಗದವನ್ನು. ಆ ಒಂದು ವಿಷಯದಲ್ಲಿ ಅಮ್ಮನಿಗೆ ಎಂದೂ ಅಭಾವವಾಗದು. ಪಕ್ಕದ ಮನೆಯ ಅಜ್ಜಿಗೆ 83 ವರ್ಷ. ಇಲ್ಲಿ ಯುದ್ಧಕಾಲದ ರೇಷನ್ 1940ರಲ್ಲಿ ಶುರುವಾಗಿ ಪೂರ್ತಿ ಮುಗಿದದ್ದು 1954ರಲ್ಲಿ. ವಾರಕ್ಕೊಂದೇ ಮೊಟ್ಟೆ ತಿಂದು ಬೆಳೆದವರು ಅವರು. ನನ್ನ ಕಪಾಟು ನೋಡಿ, ಅಡ್ಡಿಯಿಲ್ಲ ಎಂಬಂತೆ ತಲೆಯಾಡಿಸಿದರು. 1965ರಲ್ಲಿ ಶಾಸ್ತ್ರಿಯವರು ವಾರಕ್ಕೊಂದು ಹೊತ್ತು ಊಟ ಬಿಡಲು ಹೇಳಿದಾಗ ನಮ್ಮ ಮನೆಯಲ್ಲಿ ಸೋಮವಾರ ರಾತ್ರಿ ಒಲೆ ಹಚ್ಚುತ್ತಿರಲಿಲ್ಲವೆಂದು ನೀವು ಹೇಳುತ್ತಿದ್ದುದನ್ನು ಅವರಿಗೆ ಹೇಳಿದೆ. ನಿಮ್ಮನ್ನೂ ಕರೆಸಿಕೊಳ್ಳಲು ಹೇಳಿದ್ದಾರೆ.

ಅಮ್ಮ ತಮ್ಮ ರಕ್ತದೊತ್ತಡದ ಮಾತ್ರೆಯನ್ನು ಆರು ತಿಂಗಳಿಗಾಗುವಷ್ಟು, ವೈದ್ಯರ ಚೀಟಿಯ ಸಮೇತ ತರಲಿ. ಇಲ್ಲಿ ಔಷಧ ಕಂಪನಿಗಳು ಆರು ವಾರದ ಹೆಚ್ಚುವರಿ ದಾಸ್ತಾನು ಇಡಬೇಕೆಂದು ಸರ್ಕಾರ ಹೇಳಿದೆ, ಜನರು ಮಾತ್ರ ಕೂಡಿಡಬಾರದಂತೆ. ಆ ಗೋಜೇ ನಮಗೆ ಬೇಡ. ನನಗೆ ಒಂದು ತೊಂದರೆಯೂ ಇಲ್ಲ, ತೂಕ ಸರಿಯಾಗಿದೆ, ಮಗು ಚೆನ್ನಾಗಿ ಒದೆಯುತ್ತಿದೆ, ಮೂರು ಹೊತ್ತೂ ಉಣ್ಣುತ್ತಿದ್ದೇನೆ, ನಡುವೆ ಇನ್ನೆರಡು ಹೊತ್ತೂ ಉಣ್ಣುತ್ತಿದ್ದೇನೆ. ನೀವು ಟಿಕೆಟ್ ರದ್ದು ಮಾಡಬೇಡಿ. ಮಾಡಿದ್ದರೆ ಈ ಪತ್ರ ಕಂಡ ಕೂಡಲೇ ಫೋನು ಮಾಡಿ, ಇವರು ಇಲ್ಲಿಂದಲೇ ಬೇರೆ ತೆಗೆಸುತ್ತಾರೆ. ಐದೂವರೆಗೆ ಅಂಚೆಪೆಟ್ಟಿಗೆ ತೆರೆಯುತ್ತಾರೆ, ಈಗಾಗಲೇ ಐದೂಕಾಲು. ಇವರು ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ. ಎಲ್ಲರಿಗೂ ನಮಸ್ಕಾರ, ಪುಟ್ಟನಿಗೆ ಮುತ್ತು.

ಇಂತಿ ನಿಮ್ಮ ಪ್ರೀತಿಯ ಮಗಳು

ತಾ.ಕ.: ಅಂಟು, ಒಣಶುಂಠಿ, ಹಿಪ್ಪಲಿ ಇಲ್ಲಿ ಕೂಡಿಟ್ಟಿಲ್ಲ, ಅವನ್ನು ಅಮ್ಮನೇ ತರಬೇಕು. ಹರಳೆಣ್ಣೆ ಬೇಡ.