ಗದ್ದಿಗೆ ಇಲ್ಲಿಗೆ ಹೇಗೆ ಬಂತು?

ಸಂಚಿಕೆ ಇವತ್ತು ರಾತ್ರಿಯೊಳಗೆ ಹೋಗಬೇಕು. ರಾಜ್ಯೋತ್ಸವದ ಬಗ್ಗೆ ಬರೆಯೋಣವೆಂದು ಕೂತೆ, ಮಗಳ ಮಾತು ಬಿಡಲಿಲ್ಲ.

ಮೊನ್ನೆ ಇಲ್ಲಿ ಇಂಗ್ಲೆಂಡಿನ ವೋಕಿಂಗ್‌ನ ಹಾರ್ಸೆಲ್ ಕಾಮನ್‌ ಕಡೆ ತಿರುಗಾಡಲು ಹೋಗಿದ್ದೆವು. ಮರಗಳ ನಡುವೆ ಇಟ್ಟಿಗೆ ಗೋಡೆ, ಗುಮ್ಮಟದ ಹೆಬ್ಬಾಗಿಲು. "ಅಪ್ಪಾ, ಮಡಿಕೇರಿ ಗದ್ದಿಗೆ ಇಲ್ಲಿಗೆ ಹೇಗೆ ಬಂತು?" ಅಂದಳು, ಕೊಡಗಿನ ಅರಸರ ಸಮಾಧಿಯ ಗುಮ್ಮಟ ನೆನೆದು.

ನಮ್ಮೆದುರಿಗಿದ್ದುದು ಹಳೆಯ ಮುಸ್ಲಿಂ ಖಬರಸ್ತಾನ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಇಲ್ಲಿನ ಆಸ್ಪತ್ರೆಗಳಲ್ಲಿ ತೀರಿಕೊಂಡ ಭಾರತೀಯ ಮುಸ್ಲಿಂ ಸಿಪಾಯಿಗಳಿಗಾಗಿ ಕಟ್ಟಿದ್ದು, 1917ರಲ್ಲಿ ಮುಗಿಯಿತು. ಅವರಿಗೆ ಸರಿಯಾದ ಸಂಸ್ಕಾರ ಸಿಗುತ್ತಿಲ್ಲವೆಂದು ಜರ್ಮನ್ನರು ಪ್ರಚಾರ ಮಾಡುತ್ತಿದ್ದರು, ಸರ್ಕಾರಕ್ಕೆ ಬಿಸಿ ಮುಟ್ಟಿತ್ತು. 1889ರ ಷಾಜಹಾನ್ ಮಸೀದಿ ಇದೇ ಊರಿನಲ್ಲಿತ್ತಲ್ಲ, ಹಾಗಾಗಿ ಈ ಜಾಗ. ಎರಡನೇ ಯುದ್ಧದವರನ್ನೂ ಇಲ್ಲೇ ಮಣ್ಣು ಮಾಡಿದರು. ಆಮೇಲೆ ಕಿಡಿಗೇಡಿಗಳ ಕಾಟ. 1960ರ ದಶಕದ ಕೊನೆಗೆ ಅವರನ್ನೆಲ್ಲ ಬ್ರೂಕ್‌ವುಡ್ ಸೈನಿಕ ಸ್ಮಶಾನಕ್ಕೆ ಸಾಗಿಸಿದರು. ಗೋಡೆ ಮಾತ್ರ ಉಳಿಯಿತು. 2015ರಲ್ಲಿ ಅದನ್ನು ಶಾಂತಿ ಉದ್ಯಾನ ಮಾಡಿದ್ದಾರೆ, ಕಲ್ಲಿನ ಮೇಲೆ 27 ಹೆಸರುಗಳಿವೆ.

ಚಿಕ್ಕಂದಿನಲ್ಲಿ ನನಗೂ ಗದ್ದಿಗೆ ಎಂದರೆ ಮಸೀದಿಯೇ. ಮಹದೇವಪೇಟೆಯಿಂದ ಸಾಲಾಗಿ ಏರು ಹತ್ತಿದ್ದೆವು, ಮಳೆ ಬಿಟ್ಟಿರಲಿಲ್ಲ, ಮೇಷ್ಟ್ರು ಕೊಡೆಯಡಿಯೇ ಪಾಠ ಶುರು ಮಾಡಿದರು. ಒಳಗಿರುವವರು ದೊಡ್ಡವೀರರಾಜೇಂದ್ರ, ಲಿಂಗರಾಜೇಂದ್ರ, ಲಿಂಗಾಯತ ಅರಸರು. ಪಕ್ಕದಲ್ಲಿದ್ದ ಎಮ್ಮೆಮಾಡಿನ ಹುಡುಗ, "ಮತ್ತೆ ಮಿನಾರು ಯಾಕೆ ಸಾರ್?" ಅಂದ. "ಚೆಂದ ಕಾಣ್ತದೆ ಅಂತ ಕಟ್ಟಿಸಿದ್ರು, ಮಾರಾಯ," ಅಂದರು ಮೇಷ್ಟ್ರು. ಇದಕ್ಕಿಂತ ಒಳ್ಳೆಯ ಉತ್ತರ ನನಗಂತೂ ಸಿಕ್ಕಿಲ್ಲ. ಓಂಕಾರೇಶ್ವರನ ಗುಡಿಗೂ ಗುಮ್ಮಟ ಇಟ್ಟ ಊರದು. ಎಮ್ಮೆಮಾಡು ದರ್ಗಾದ ಉರೂಸಿಗೆ ನಾವು ಆ ಹುಡುಗನ ಮನೆಗೆ, ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಅವನು ನಮ್ಮಲ್ಲಿಗೆ. ಕದಿರು ತರುವಾಗ "ಪೊಲಿ ಪೊಲಿ ದೇವಾ" ಎಂದು ನಮಗಿಂತ ಜೋರಾಗಿ ಕೂಗುತ್ತಿದ್ದವನು ಅವನೇ.

ಲಿಂಗರಾಜೇಂದ್ರನ ಮೊಮ್ಮಗಳು ಗೌರಮ್ಮ 1864ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡಳು, ಬ್ರಾಂಪ್ಟನ್ ಸ್ಮಶಾನದಲ್ಲಿದ್ದಾಳೆ. ಶಾಪಿಂಗ್‌ಗೆ ಆ ಕಡೆ ಹೋಗುವ ನಮ್ಮಲ್ಲಿ ಎಷ್ಟು ಜನ ಒಳಗೆ ಕಾಲಿಟ್ಟಿದ್ದೇವೆ?

ಜಾಗ ಮುಗಿಯುತ್ತ ಬಂತು. ರಾಜ್ಯೋತ್ಸವ ನವೆಂಬರ್ ಎರಡನೇ ಶನಿವಾರ, ಎಂದಿನ ಸಭಾಂಗಣ, ಊಟಕ್ಕೆ ಹೆಸರು ಕೊಡಿ. ಕನ್ನಡ ಶಾಲೆ ಇನ್ನು ಹತ್ತಕ್ಕಲ್ಲ, ಹತ್ತೂವರೆಗೆ. ಹುತ್ತರಿಗೆ ಕದಿರು ತೆಗೆಯಲು ಗದ್ದೆ ಎಲ್ಲಿಂದ ತರೋಣ, ಬಾಳೆಹಣ್ಣಿನ ಸಿಹಿ ತಂಬುಟ್ಟಾದರೂ ಆಗಲಿ. ಬಾಳೆಹಣ್ಣು ಯಾರ ಪಾಲಿಗೆ? ಚಳಿ ಜೋರಾಗುವ ಮೊದಲು ಒಂದು ಭಾನುವಾರ ಬ್ರೂಕ್‌ವುಡ್, ಬ್ರಾಂಪ್ಟನ್ ಎರಡಕ್ಕೂ ಹೋಗೋಣ, ಕಾರಿದ್ದವರು ಹಿರಿಯರನ್ನು ಕರೆತನ್ನಿ. ಮತ್ತೆ ಈ ಪುಟ ಜೋಡಿಸುವ ಕೆಲಸಕ್ಕೆ ಒಬ್ಬರಾದರೂ ಬನ್ನಿ. ಕನ್ನಡ ಟೈಪಿಂಗ್ ಬರದಿದ್ದರೆ ನಾನು ಕಲಿಸುತ್ತೇನೆ, ಕಾಫಿ ನಮ್ಮ ಮನೆಯದು, ಕೊಡಗಿನದೇ.