ತಗ್ಗಿನವರ ಮನೆಗೆ ನುಗ್ಗುವ ನೀರನ್ನು ದಿಣ್ಣೆಯಲ್ಲೇ ತಡೆಯಿರಿ

ಸಂಪಾದಕರಿಗೆ,

ಮಾನ್ಯರೇ,

ಬೆಂಗಳೂರಿನಲ್ಲಿ ಮಳೆಗಾಲ ಹತ್ತಿರವಾದಾಗಲೆಲ್ಲ ರಾಜಕಾಲುವೆಗಳ ಹೂಳೆತ್ತುವ, ತಡೆಗೋಡೆ ಎತ್ತರಿಸುವ, ಒತ್ತುವರಿ ತೆರವುಗೊಳಿಸುವ ಮಾತು ಕೇಳಿಬರುತ್ತದೆ. ಇವೆಲ್ಲವೂ ಆಗಲೇಬೇಕಾದ ಕೆಲಸಗಳು. 2021ರಲ್ಲಿ ವಿಧಾನಮಂಡಲದಲ್ಲಿ ಮಂಡನೆಯಾದ ಮಹಾಲೇಖಪಾಲರ (ಸಿಎಜಿ) ವರದಿಯೇ ಕೋರಮಂಗಲ ಮತ್ತು ವೃಷಭಾವತಿ ಕಣಿವೆಗಳಲ್ಲಿ ಕಾಲುವೆಗಳ ಒಟ್ಟು ಉದ್ದ ಹಿಂದೆ ಇದ್ದದ್ದರ ಹೆಚ್ಚುಕಡಿಮೆ ಅರ್ಧಕ್ಕೆ ಕುಸಿದಿದೆ ಎಂದು ಹೇಳಿತ್ತು. ಆದರೆ ಈ ಚರ್ಚೆಯೆಲ್ಲ ನೀರು ತಗ್ಗಿಗೆ ಇಳಿದ ಮೇಲಿನದು. ಅದು ಹೊರಡುವ ಜಾಗದ ಬಗ್ಗೆ, ಅಂದರೆ ದಿಣ್ಣೆಯ ಮೇಲಿರುವ ನಮ್ಮಂಥ ಹಳೆಯ ಬಡಾವಣೆಗಳ ಹೊಣೆಯ ಬಗ್ಗೆ, ಯಾರೂ ಹೆಚ್ಚು ಮಾತನಾಡುವುದಿಲ್ಲ.

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಏರು ನೆಲದ ಮೇಲೆ ನಮ್ಮ ನಗರ ಕುಳಿತಿದೆ. ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಯ ಆಸುಪಾಸಿನ ನೀರು ವೃಷಭಾವತಿಯಾಗಿ ಪಶ್ಚಿಮಕ್ಕೆ ಹರಿದರೆ, ಮೆಜೆಸ್ಟಿಕ್ ಕಡೆಯ ನೀರು ಕೋರಮಂಗಲ ಕಣಿವೆ ಹಿಡಿದು ಬೆಳ್ಳಂದೂರು, ವರ್ತೂರು ಕೆರೆಗಳಿಗೆ ಸೇರುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಇಕ್ಕೆಲಗಳಲ್ಲಿ ಜನರು ಟ್ರ್ಯಾಕ್ಟರ್ ಏರಿ ಓಡಾಡಬೇಕಾಗಿ ಬಂದಾಗ, ಕೆರೆಯಂಗಳದಲ್ಲಿ ಮನೆ ಕಟ್ಟಿಕೊಂಡವರನ್ನು ಎಲ್ಲರೂ ಬೈದರು. ಆ ಬೈಗುಳದಲ್ಲಿ ನ್ಯಾಯವಿಲ್ಲ ಎನ್ನಲಾರೆ. ಆದರೆ ಎತ್ತರದಲ್ಲಿದ್ದುಕೊಂಡು ಅಂಗಳಕ್ಕೆಲ್ಲ ಸಿಮೆಂಟ್ ಹಾಕಿಸಿ, ಚಾವಣಿಯ ನೀರನ್ನು ಕೊಳವೆಯಲ್ಲಿ ನೇರವಾಗಿ ಚರಂಡಿಗೆ ಬಿಟ್ಟು ನೆಮ್ಮದಿಯಾಗಿರುವ ನಮ್ಮ ಪಾಲೂ ಆ ನೆರೆಯಲ್ಲಿದೆ.

ಲೆಕ್ಕ ಬಹಳ ಸರಳವಾದದ್ದು. 50 ಮಿ.ಮೀ. ಮಳೆಯಾದರೆ 30x40 ಅಡಿ ನಿವೇಶನವೊಂದರ ಮೇಲೆ ಐದೂವರೆ ಸಾವಿರ ಲೀಟರಿನಷ್ಟು ನೀರು ಬೀಳುತ್ತದೆ. ಒಂದು ಎಕರೆಗೆ ಅದು ಎರಡು ಲಕ್ಷ ಲೀಟರು. ಮೂರಡಿ ಅಗಲ, ಇಪ್ಪತ್ತಡಿ ಆಳದ ಒಂದು ಇಂಗುಬಾವಿ ಒಮ್ಮೆಗೆ ಸುಮಾರು 4,000 ಲೀಟರ್ ಹಿಡಿಯುತ್ತದೆ, ನಂತರ ನಿಧಾನವಾಗಿ ನೆಲಕ್ಕೆ ಬಿಡುತ್ತದೆ. ಒಂದು ಬಾವಿಯಿಂದ ಪ್ರವಾಹ ನಿಲ್ಲದು, ನಿಜ. ಆದರೆ ಒಂದು ಬೀದಿಯ ಎಲ್ಲ ಮನೆಗಳೂ ಉದ್ಯಾನವೂ ತಮ್ಮ ಮೇಲೆ ಬಿದ್ದ ನೀರನ್ನು ಒಂದೆರಡು ಗಂಟೆ ಹಿಡಿದಿಟ್ಟುಕೊಂಡರೂ ಸಾಕು, ಅಷ್ಟೂ ನೀರು ಒಂದೇ ಏಟಿಗೆ ರಾಜಕಾಲುವೆಗೆ ಬೀಳುವುದು ತಪ್ಪುತ್ತದೆ.

ನಾನು ದಿನವೂ ವಾಯುವಿಹಾರಕ್ಕೆ ಹೋಗುವ ಉದ್ಯಾನದಲ್ಲಿ ಇಂಗುಬಾವಿ ಇದೆ. ಸಿಮೆಂಟಿನ ಬಳೆಗಳನ್ನು ಇಳಿಸಿ ಮೇಲೆ ಮುಚ್ಚಳ ಕೂರಿಸಿ, ಪಕ್ಕದಲ್ಲಿ ಬಣ್ಣದ ಫಲಕವನ್ನೂ ನೆಟ್ಟಿದ್ದಾರೆ. ಆದರೆ ನಡಿಗೆ ಪಥದ ಟೈಲ್ಸ್‌ಗಳ ಇಳಿಜಾರು ಬಾವಿಯ ಕಡೆಗಿಲ್ಲ, ಗೇಟಿನ ಕಡೆಗಿದೆ. ಬಾವಿಯ ಬಾಯಿ ಸುತ್ತಲಿನ ಹುಲ್ಲಿಗಿಂತ ಒಂದು ಗೇಣು ಮೇಲಿದೆ. ಒಳಬರುವ ಕೊಳವೆಯ ಜಾಲರಿಗೆ ಎಲೆ, ಮಣ್ಣು, ಗುಟ್ಕಾ ಚೀಟಿಗಳು ಮೆತ್ತಿಕೊಂಡಿವೆ. ಮಳೆ ಬಂದಾಗ ಉದ್ಯಾನದ ನೀರು ಬಾವಿಯನ್ನು ಬಳಸಿಕೊಂಡು ರಸ್ತೆಗೆ ಹರಿದುಹೋಗುತ್ತದೆ. ಕಾಮಗಾರಿ ಪೂರ್ಣಗೊಂಡಿದೆ ಎಂದು ಕಡತದಲ್ಲಿ ಬರೆದಿರಲೂಬಹುದು.

ಮನೆಗಳ ಸಂಗತಿಯೂ ಬೇರೆಯಲ್ಲ. ಜಲಮಂಡಳಿ ಕಾಯ್ದೆಗೆ 2009ರಲ್ಲಿ ತಿದ್ದುಪಡಿ ತಂದು ಮಳೆನೀರು ಸಂಗ್ರಹವನ್ನು ಕಡ್ಡಾಯ ಮಾಡಲಾಯಿತು, ಪಾಲಿಸದವರಿಗೆ ಆಮೇಲೆ ದಂಡವನ್ನೂ ವಿಧಿಸಲಾಯಿತು. ಆದರೆ ಒಮ್ಮೆ ಹಾಕಿಸಿದ ವ್ಯವಸ್ಥೆ ಮೂರು ವರ್ಷದ ಮೇಲೂ ಕೆಲಸ ಮಾಡುತ್ತಿದೆಯೇ ಎಂದು ಮನೆಬಾಗಿಲಿಗೆ ಬಂದು ವಿಚಾರಿಸಿದವರನ್ನು ನಾನಂತೂ ಕಂಡಿಲ್ಲ. ಹಿಂದೆ ಕೆರೆಗೊಬ್ಬ ನೀರುಗಂಟಿ ಇರುತ್ತಿದ್ದ. ತೂಬು ಎತ್ತುವುದರಿಂದ ಕಾಲುವೆಯ ಕಸ ತೆಗೆಯುವವರೆಗೆ ಎಲ್ಲದಕ್ಕೂ ಅವನೇ ಹೊಣೆ. ಈಗ ಉದ್ಯಾನ, ರಸ್ತೆ, ರಾಜಕಾಲುವೆ ಇವುಗಳಿಗೆ ಒಂದೊಂದು ವಿಭಾಗವಿದ್ದು, ಒಳಚರಂಡಿ ಜಲಮಂಡಳಿಯದು. ಈ ನಾಲ್ವರ ನಡುವೆ ಜಾಲರಿಯ ಎಲೆ ತೆಗೆಯುವವರೇ ಇಲ್ಲ.

ಇಂಗಿಸುವುದೇ ಎಲ್ಲಕ್ಕೂ ಮದ್ದೆಂದು ನಾನು ವಾದಿಸುತ್ತಿಲ್ಲ. ಕೆರೆಯ ಕೆಳಭಾಗದ ಜೌಗು ನೆಲದಲ್ಲಿ ಇಂಗುಬಾವಿ ತೋಡಿದರೆ ಅದರಲ್ಲಿ ನೀರು ನಿಲ್ಲುತ್ತದೆಯೇ ಹೊರತು ಇಂಗುವುದಿಲ್ಲ. ಕೊಳಚೆ ಬೆರೆತ ನೀರನ್ನಾಗಲಿ, ವಾಹನಗಳ ಎಣ್ಣೆ ತೊಳೆದುಕೊಂಡು ಬರುವ ಮೊದಲ ಮಳೆಯ ರಸ್ತೆ ನೀರನ್ನಾಗಲಿ ನೇರವಾಗಿ ನೆಲದೊಳಕ್ಕೆ ಬಿಟ್ಟರೆ ಬೋರ್‌ವೆಲ್‌ಗಳಿಗೆ ವಿಷ ಹಾಕಿದಂತೆಯೇ ಸರಿ. ಕೋರಮಂಗಲ ಕಣಿವೆಯ ರಾಜಕಾಲುವೆಯನ್ನು ಶುದ್ಧಗೊಳಿಸಿ ನವೀಕರಿಸುವ ಕೆ-100 ಯೋಜನೆಯಲ್ಲಿಯೂ ಕಾಲುವೆಗೆ ಸೇರುತ್ತಿದ್ದ ಕೊಳಚೆಯನ್ನು ಬೇರೆಡೆಗೆ ತಿರುಗಿಸುವುದೇ ದೊಡ್ಡ ಸವಾಲಾಗಿತ್ತು ಎಂಬುದನ್ನು ಮರೆಯುವಂತಿಲ್ಲ. ಆದ್ದರಿಂದ ಚಾವಣಿ, ಉದ್ಯಾನ ಹಾಗೂ ಶಾಲಾ ಮೈದಾನಗಳ ನೀರನ್ನು ಮೊದಲು ಹಿಡಿಯಬೇಕು. ರಸ್ತೆಯ ನೀರನ್ನು ಮರಗಳ ಬುಡದಲ್ಲಿ ತಗ್ಗಾಗಿ ಬಿಟ್ಟ, ಹುಲ್ಲು ಬೆಳೆದ ಮಣ್ಣಿನ ಪಾತಿಗಳ ಮೂಲಕ ಸೋಸಿ ಬಿಡಬೇಕು. ಈಗ ಮಾಡುತ್ತಿರುವುದು ತದ್ವಿರುದ್ಧ: ಪಾದಚಾರಿ ಮಾರ್ಗ ನವೀಕರಿಸುವಾಗ ಮರದ ಬುಡದವರೆಗೂ ಕಾಂಕ್ರೀಟ್ ಸುರಿಯುತ್ತಾರೆ, ಅಂಚುಕಲ್ಲನ್ನು ಸಂದಿಲ್ಲದಂತೆ ಜೋಡಿಸುತ್ತಾರೆ. ಹತ್ತಡಿಗೊಂದು ಅಂಚುಕಲ್ಲನ್ನು ಬಿಟ್ಟು ನೀರಿಗೆ ದಾರಿ ಮಾಡಿಕೊಡಲು ಹೆಚ್ಚಿನ ಹಣವೇನೂ ಬೇಕಾಗಿಲ್ಲ.

ಅಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟು. ರಸ್ತೆ ಮತ್ತು ಉದ್ಯಾನ ಕಾಮಗಾರಿಗಳ ಟೆಂಡರಿನಲ್ಲಿಯೇ ನೀರು ಇಂಗಿಸುವ ಕೆಲಸವನ್ನೂ, ಅದರ ಐದು ವರ್ಷಗಳ ನಿರ್ವಹಣೆಯನ್ನೂ ಸೇರಿಸಿರಿ. ಪ್ರತಿ ವಾರ್ಡಿನ ಇಂಗುಬಾವಿಗಳ ಪಟ್ಟಿಯನ್ನು, ಹೊಣೆ ಹೊತ್ತವರ ಹುದ್ದೆಯೊಂದಿಗೆ ವಾರ್ಡ್ ಕಚೇರಿಯ ಗೋಡೆಗೆ ಹಾಕಿರಿ. ಗುತ್ತಿಗೆದಾರರ ಕೊನೆಯ ಬಿಲ್ಲನ್ನು ಒಂದು ಮಳೆಗಾಲ ಕಳೆಯುವವರೆಗೆ ತಡೆಹಿಡಿದು, ದೊಡ್ಡ ಮಳೆಯ ಮರುದಿನ ಬಾವಿಗೆ ನೀರು ಬಂದಿತ್ತೇ, ಬಂದದ್ದು ಎಷ್ಟು ಹೊತ್ತಿನಲ್ಲಿ ಇಂಗಿತು ಎಂಬುದನ್ನು ಬಡಾವಣೆಯ ನಿವಾಸಿಗಳ ಎದುರಿಗೇ ಅಳೆದು ನೋಡಿದ ಮೇಲೆಯೇ ಪಾವತಿಸಿರಿ.

ಇತಿ,
ಓದುಗ, ಬಸವನಗುಡಿ, ಬೆಂಗಳೂರು