ಬಿ.ಎಚ್. ರಸ್ತೆಗೆ ಟ್ರಾಮ್ ಕೊಡಿ: ತುಮಕೂರು ಜಿಲ್ಲಾ ಉಸ್ತುವಾರಿ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ಬೆಂಗಳೂರಿನ ಮಾದಾವರದಿಂದ ತುಮಕೂರಿಗೆ ಮೆಟ್ರೋ ತರುವ ಮಾತು ಜೋರಾಗಿ ನಡೆದಿದೆ. ಬರಲಿ. ದಿನಾ ಬೆಂಗಳೂರಿಗೆ ಹೋಗಿಬರುವ ನಮ್ಮ ಹುಡುಗ ಹುಡುಗಿಯರಿಗೆ ಅನುಕೂಲ ಆಗುತ್ತೆ ಅಂದರೆ ಬೇಡ ಅನ್ನುವವರು ಯಾರು? ಆದರೆ ಊರೊಳಗೇ ಓಡಾಡುವ ಜನರೂ ಇದ್ದಾರೆ. ಕ್ಯಾತ್ಸಂದ್ರದಿಂದ ಟೌನ್‌ಹಾಲ್‌ಗೆ, ಬಟವಾಡಿಯಿಂದ ಯೂನಿವರ್ಸಿಟಿಗೆ, ಗುಬ್ಬಿ ಗೇಟಿನಿಂದ ಆಸ್ಪತ್ರೆಗೆ. ಅವರ ಬಗ್ಗೆ ಯಾರೂ ಅಷ್ಟು ಜೋರಾಗಿ ಮಾತಾಡುವುದನ್ನು ನಾನು ಕೇಳಿಲ್ಲ. ಈ ಪತ್ರ ಅವರಿಗಾಗಿ.

ನೇರವಾಗಿ ಕೇಳುತ್ತೇನೆ. ಕ್ಯಾತ್ಸಂದ್ರದಿಂದ ಗುಬ್ಬಿ ಗೇಟ್‌ವರೆಗೆ ಬಿ.ಎಚ್. ರಸ್ತೆಯ ಮೇಲೆ ಟ್ರಾಮ್, ಅಂದರೆ ರಸ್ತೆಯಲ್ಲೇ ಹಾಕಿದ ಹಳಿಯ ಮೇಲೆ ಓಡುವ ಕರೆಂಟ್ ಗಾಡಿ, ಓಡಿಸಿ. ಜೊತೆಗೆ, ಕೋಲ್ಕತ್ತಾದಲ್ಲಿ ಮೂಲೆಗುಂಪಾಗಿರುವ ಹಳೇ ಟ್ರಾಮ್‌ಗಳಲ್ಲಿ ಒಂದನ್ನಾದರೂ ಕರ್ನಾಟಕ ಸರ್ಕಾರ ಕೇಳಿ ತರಿಸಿಕೊಳ್ಳಲಿ. ಇವೆರಡೂ ಬೇರೆ ಬೇರೆ ಬೇಡಿಕೆ ಅಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಬಿ.ಎಚ್. ರಸ್ತೆ ನಮ್ಮ ಊರಿನ ಬೆನ್ನುಮೂಳೆ. ಬೆಂಗಳೂರು ಕಡೆಯಿಂದ ಬಂದರೆ ಕ್ಯಾತ್ಸಂದ್ರ, ಬಟವಾಡಿ, ಎಸ್‌ಐಟಿ ಎಂಜಿನಿಯರಿಂಗ್ ಕಾಲೇಜು, ಭದ್ರಮ್ಮ ಸರ್ಕಲ್, ಟೌನ್‌ಹಾಲ್, ಆಮೇಲೆ ಗುಬ್ಬಿ ಗೇಟ್. ಎಲ್ಲ ಒಂದೇ ಗೆರೆಯಲ್ಲಿ ಸಿಗುತ್ತವೆ. ಕಾಲೇಜು, ಆಸ್ಪತ್ರೆ, ಯೂನಿವರ್ಸಿಟಿ, ಬಟ್ಟೆ ಅಂಗಡಿ, ಕಲ್ಯಾಣ ಮಂಟಪ, ಏನು ಬೇಕಾದರೂ ಈ ರಸ್ತೆಗೇ ಬರಬೇಕು. ಒಟ್ಟು ಏಳೆಂಟು ಕಿಲೋಮೀಟರ್ ಇರಬಹುದು. ಟ್ರಾಮ್ ಹಾಕುವವರು ಯಾವ ಊರಿನಲ್ಲೇ ಆದರೂ ಮೊದಲು ಹುಡುಕುವುದು ಇಂಥ ರಸ್ತೆಯನ್ನೇ. ದೂರದ ಲಾರಿಗಳಿಗೆ ಬೈಪಾಸ್ ಇದೆ. ಹಾಗಾಗಿ ಈ ರಸ್ತೆ ಈಗ ನಿಜವಾಗಿ ಊರಿನವರದ್ದು.

ಸಂಜೆ ಕಾಲೇಜು ಬಿಟ್ಟ ಹೊತ್ತಿಗೆ ಭದ್ರಮ್ಮ ಸರ್ಕಲ್ ಹತ್ತಿರ ಸ್ವಲ್ಪ ಹೊತ್ತು ನಿಂತು ನೋಡಿ. ಶೇರ್ ಆಟೋದಲ್ಲಿ ಡ್ರೈವರಿನ ಎರಡೂ ಪಕ್ಕ ಹುಡುಗರು ಕೂತಿರುತ್ತಾರೆ, ಒಂದು ಕಾಲು ಆಚೆಗೆ. ಸಿಟಿ ಬಸ್ ಬಂದು ನಿಲ್ಲುತ್ತದೆ. ಮೊಣಕಾಲು ನೋವಿನ ಅಜ್ಜಿಯೊಬ್ಬರು ಕಂಬಿ ಹಿಡಿದು ಮೊದಲ ಮೆಟ್ಟಿಲಿಗೆ ಕಾಲೆತ್ತಲು ಒದ್ದಾಡುತ್ತಾರೆ. ಹಿಂದಿನವರು 'ಬೇಗ ಹತ್ತಮ್ಮ' ಅನ್ನುತ್ತಾರೆ. ಕೈಯಲ್ಲಿ ಆಸ್ಪತ್ರೆಯ ಚೀಟಿ, ಮಾತ್ರೆಯ ಕವರ್. ಕೊನೆಗೆ ಅವರು ಹಿಂದೆ ಸರಿದು ಆಟೋ ಕರೆಯುತ್ತಾರೆ, ಬಸ್ಸಿನ ಹಲವು ಪಟ್ಟು ದುಡ್ಡು ಕೊಡುತ್ತಾರೆ. ಇಂಥದ್ದು ನಾನು ಎಷ್ಟೋ ಸಲ ನೋಡಿದ್ದೇನೆ. ಈಗಿನ ಹೊಸ ಟ್ರಾಮ್‌ಗಳಲ್ಲಿ ಮೆಟ್ಟಿಲೇ ಇರುವುದಿಲ್ಲ. ನಿಲ್ದಾಣದ ಕಟ್ಟೆಯೂ ಬೋಗಿಯ ನೆಲವೂ ಒಂದೇ ಮಟ್ಟ. ಗಾಲಿಕುರ್ಚಿಯವರು, ಮಗುವನ್ನು ತಳ್ಳುಗಾಡಿಯಲ್ಲಿ ತಂದವರು ಯಾರ ಕೈಯನ್ನೂ ಹಿಡಿಯದೆ ಒಳಗೆ ಹೋಗಬಹುದು. ಮೇಲ್ಸೇತುವೆಯ ಮೇಲಿನ ಮೆಟ್ರೋಗೆ ಹತ್ತಿ ಇಳಿಯುವ ಕಷ್ಟವೂ ಇಲ್ಲಿಲ್ಲ. ರಸ್ತೆ ಬದಿಯಿಂದ ನಾಲ್ಕು ಹೆಜ್ಜೆ ಇಟ್ಟರೆ ಸಾಕು.

ಈಗ ಕೋಲ್ಕತ್ತಾ ವಿಷಯ. ಅಲ್ಲಿ ಮೊದಲ ಟ್ರಾಮ್ ಓಡಿದ್ದು 1873ರಲ್ಲಿ, ಕುದುರೆ ಕಟ್ಟಿ. 1902ರಲ್ಲಿ ಕರೆಂಟ್ ಟ್ರಾಮ್ ಬಂತು. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ: ಅದೇ 1902ರಲ್ಲಿ ನಮ್ಮ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹರಿಯಿತು. ನಮ್ಮಲ್ಲೂ ಆಗಲೇ ಕರೆಂಟು ಇತ್ತು, ಟ್ರಾಮ್ ಮಾತ್ರ ಬೆಂಗಳೂರಿಗೂ ಬರಲಿಲ್ಲ, ತುಮಕೂರಿಗೂ ಬರಲಿಲ್ಲ. ಕೋಲ್ಕತ್ತಾದ ಟ್ರಾಮ್‌ಗೆ 2023ರಲ್ಲಿ 150 ವರ್ಷ ತುಂಬಿತು. ಮರುವರ್ಷ, 2024ರ ಸೆಪ್ಟೆಂಬರಿನಲ್ಲಿ, ಅಲ್ಲಿನ ಸಾರಿಗೆ ಸಚಿವರು ಊರ ನಡುವಿನ ಎಸ್ಪ್ಲನೇಡ್‌ನಿಂದ 'ಮೈದಾನ' ಅನ್ನುವ ದೊಡ್ಡ ಬಯಲಿನವರೆಗಿನ ಒಂದು ತುಂಡು ದಾರಿ ಬಿಟ್ಟು ಉಳಿದಿದ್ದೆಲ್ಲ ನಿಲ್ಲಿಸುತ್ತೇವೆ ಅಂದರು. ಟ್ರಾಮ್ ಪ್ರೀತಿಸುವವರು ಹೈಕೋರ್ಟಿನಲ್ಲಿ ಹೋರಾಡುತ್ತಿದ್ದಾರೆ.

ಕೆಲಸದ ಮೇಲೆ ಅಲ್ಲಿಗೆ ಹೋಗಿದ್ದಾಗ ಗರಿಯಾಹಾಟ್ ಕಡೆಯಿಂದ ಎಸ್ಪ್ಲನೇಡ್‌ಗೆ ಟ್ರಾಮಿನಲ್ಲೇ ಬಂದೆ. ಮರದ ಪಟ್ಟಿಯ ಸೀಟು, ತೆರೆದ ಕಿಟಕಿ. ಒಂದಕ್ಕೊಂದು ಜೋಡಿಸಿದ ಎರಡು ಬೋಗಿ. ಚಾವಣಿಯ ಉದ್ದಕ್ಕೂ ಒಂದು ಹಗ್ಗ, ಕಂಡಕ್ಟರ್ ಅದನ್ನು ಜಗ್ಗಿದರೆ ಮುಂದೆ ಡ್ರೈವರಿನ ತಲೆ ಮೇಲೆ ಗಂಟೆ ಬಾರಿಸುತ್ತದೆ. ಡ್ರೈವರ್ ಒಂದು ಹಿಡಿಕೆಯನ್ನು ಮೆಲ್ಲಗೆ ತಿರುಗಿಸುತ್ತಾ, ದಾರಿಗೆ ಅಡ್ಡ ಬಂದವರಿಗೆ ಕಾಲಿನಲ್ಲಿ ಟಣ್ ಟಣ್ ಅಂತ ಗಂಟೆ ಒತ್ತುತ್ತಿದ್ದರು. ಹೊಗೆಯ ವಾಸನೆ ಇಲ್ಲ, ಎಂಜಿನ್ ಗದ್ದಲ ಇಲ್ಲ. ಪಕ್ಕದಲ್ಲಿ ತರಕಾರಿ ಚೀಲ ಇಟ್ಟುಕೊಂಡ ಹೆಂಗಸು ನಿದ್ದೆ ಮಾಡುತ್ತಿದ್ದರು. ನೂರು ವರ್ಷಕ್ಕೂ ಹಳೆಯ ವ್ಯವಸ್ಥೆ ಇಷ್ಟು ಸಲೀಸಾಗಿ ಜನರನ್ನು ಹೊರುತ್ತಿದೆಯಲ್ಲ, ಇದನ್ನು ಯಾಕೆ ತೆಗೀಬೇಕು ಅಂತ ಆಗ ಅನ್ನಿಸಿತು. ಈಗಲೂ ಅನ್ನಿಸುತ್ತಿದೆ.

ತೆಗೆಯುವವರು ಕೊಡುವ ಕಾರಣ ಒಂದೇ: ಟ್ರಾಮ್ ನಿಧಾನ, ಟ್ರಾಫಿಕ್‌ಗೆ ಅಡ್ಡ. ಸಚಿವರೇ, ಇಲ್ಲೇ ನಾವು ಕಲಿಯಬೇಕಾದ ಪಾಠ ಇದೆ. ಕೋಲ್ಕತ್ತಾದ ಎಷ್ಟೋ ದೊಡ್ಡ ರಸ್ತೆಗಳಲ್ಲಿ ಟ್ರಾಮ್‌ಗೆ ರಸ್ತೆ ನಡುವೆ ತನ್ನದೇ ದಾರಿ ಇತ್ತು, ಹುಲ್ಲು ಬೆಳೆದ ಹಳಿ. ಬೇರೆ ಗಾಡಿ ಅಲ್ಲಿಗೆ ಬರುವ ಹಾಗಿರಲಿಲ್ಲ. ಮುಂದೆ ಕಾರು ಬಸ್ಸುಗಳಿಗೆ ಜಾಗ ಬೇಕು ಅಂತ ಆ ದಾರಿಯನ್ನು ಒಡೆದು, ಹಳಿಯನ್ನು ಡಾಂಬರು ಕಾಂಕ್ರೀಟಿನೊಳಗೆ ಸೇರಿಸಿ, ಎಲ್ಲ ಗಾಡಿಗಳ ಜೊತೆಗೆ ಟ್ರಾಮನ್ನೂ ನೂಕಿದರು. ಎದುರಿಗೆ ಕಾರು ನಿಂತರೆ ಟ್ರಾಮ್ ಪಕ್ಕಕ್ಕೆ ಸರಿಯಲಾರದು. ನಿಂತೇ ಇರಬೇಕು. ಆಮೇಲೆ ನೋಡಿ, ಟ್ರಾಮ್ ನಿಧಾನ ಅಂದರು. ಜನ ಹತ್ತುವುದು ಕಡಿಮೆಯಾಯಿತು. ಜನ ಇಲ್ಲ ಅಂತ ಮಾರ್ಗ ನಿಲ್ಲಿಸಿದರು. ಟ್ರಾಮ್ ತಾನಾಗಿ ಸೋತಿದ್ದಲ್ಲ, ಅದರ ದಾರಿಯನ್ನು ಕಿತ್ತುಕೊಂಡರು.

ಉಳಿದ ಊರುಗಳ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ದೇಶದ ಮೊದಲ ಕರೆಂಟ್ ಟ್ರಾಮ್ ಓಡಿದ್ದು ಮದ್ರಾಸಿನಲ್ಲಿ, 1895ರಲ್ಲಿ. ಅದು 1953ರಲ್ಲಿ ನಿಂತಿತು. ಕಾನ್ಪುರದಲ್ಲಿ 1933ರಲ್ಲೇ ನಿಂತಿತ್ತು. ದೆಹಲಿಯಲ್ಲಿ 1963, ಮುಂಬೈನಲ್ಲಿ 1964ರ ಮಾರ್ಚ್ 31. ಆ ಕಾಲದಲ್ಲಿ ಡೀಸೆಲ್ ಬಸ್ಸೇ ಮುಂದುವರಿದ ಊರಿನ ಗುರುತು ಅಂತ ಎಲ್ಲರೂ ನಂಬಿದ್ದರು. ಹೊರಗಿನ ದೇಶಗಳೂ ಹಾಗೇ ನಂಬಿದ್ದವು. ಫ್ರಾನ್ಸಿನ ನಾಂತ್ 1958ರಲ್ಲಿ ಟ್ರಾಮ್ ಕಿತ್ತುಹಾಕಿತು, ಸ್ಟ್ರಾಸ್‌ಬರ್ಗ್ 1960ರಲ್ಲಿ. ಆದರೆ ನಾಂತ್ 1985ರಲ್ಲಿ, ಸ್ಟ್ರಾಸ್‌ಬರ್ಗ್ 1994ರಲ್ಲಿ ಹೊಸ ಟ್ರಾಮನ್ನು ವಾಪಸ್ ತಂದವು. ಕಾರುಗಳಿಗೆ ಕೊಟ್ಟಿದ್ದ ರಸ್ತೆಯನ್ನೇ ಕಿರಿದು ಮಾಡಿ ಹಳಿ ಹಾಕಿದವು. ಮೆಲ್ಬರ್ನ್ ಮಾತ್ರ ಯಾವತ್ತೂ ಕೀಳಲಿಲ್ಲ. ಇವತ್ತು ಅಲ್ಲಿ ಸುಮಾರು 250 ಕಿಲೋಮೀಟರ್ ಟ್ರಾಮ್ ದಾರಿ ಇದೆ, ಜಗತ್ತಿನಲ್ಲೇ ದೊಡ್ಡದು. ಹಳೇ ಮರದ ಟ್ರಾಮ್‌ಗಳನ್ನೂ ಅದು ಉಳಿಸಿಕೊಂಡಿದೆ.

ನಮ್ಮದು ಸಣ್ಣ ಊರು, ಟ್ರಾಮ್ ಯಾಕೆ ಅಂತ ಕೆಲವರು ಕೇಳಬಹುದು. 2011ರ ಜನಗಣತಿಯಲ್ಲೇ ತುಮಕೂರು ನಗರದಲ್ಲಿ ಮೂರು ಲಕ್ಷ ಜನ ಇದ್ದರು. ಸ್ಟ್ರಾಸ್‌ಬರ್ಗ್ ನಗರವೂ ಹೆಚ್ಚುಕಡಿಮೆ ಅಷ್ಟೇ. ಸುತ್ತಲಿನ ಊರು ಸೇರಿಸಿದರೆ ಅವರದ್ದು ಜಾಸ್ತಿ ಆಗುತ್ತೆ, ನಿಜ. ಆದರೆ ವಸಂತನರಸಾಪುರದ ಕೈಗಾರಿಕೆಗಳನ್ನೂ ಬೆಳೆಯುತ್ತಿರುವ ಬಡಾವಣೆಗಳನ್ನೂ ಸೇರಿಸಿದರೆ ನಮ್ಮದೇನು ಕಮ್ಮಿ ಇಲ್ಲ ಅಲ್ವಾ?

ದುಡ್ಡಿನ ವಿಷಯಕ್ಕೆ ಬರೋಣ. ಟ್ರಾಮ್ ಅಗ್ಗ ಅಂತ ನಾನು ಹೇಳುವುದಿಲ್ಲ. ಹಳಿ, ತಂತಿ, ಡಿಪೋ ಎಲ್ಲಕ್ಕೂ ಮೊದಲಿಗೆ ದೊಡ್ಡ ಮೊತ್ತ ಬೇಕು. ಬಸ್ ಕೊಂಡರೆ ನಾಳೆಯೇ ಓಡಿಸಬಹುದು, ಟ್ರಾಮ್‌ಗೆ ವರ್ಷಗಳೇ ಬೇಕು. ಆದರೆ ಒಂದು ಟ್ರಾಮ್ ಬೋಗಿ ಮೂವತ್ತು ವರ್ಷಕ್ಕೂ ಜಾಸ್ತಿ ಬಾಳುತ್ತದೆ, ಬಸ್ಸಿಗೆ ಅದರ ಅರ್ಧವೂ ಕಷ್ಟ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಉರುಳುವುದರಿಂದ ಟೈರಿಗಿಂತ ತುಂಬಾ ಕಡಿಮೆ ಶಕ್ತಿ ಸಾಕು. ಬ್ಯಾಟರಿ ಬದಲಿಸುವ ಖರ್ಚಿಲ್ಲ, ಕರೆಂಟು ತಂತಿಯಿಂದ ನೇರ ಬರುತ್ತದೆ. ಆ ಕರೆಂಟಿಗೆ ನಾವು ಎಲ್ಲಿಗೋ ಹೋಗಬೇಕಾಗಿಲ್ಲ. 2,050 ಮೆಗಾವ್ಯಾಟ್‌ನ ಪಾವಗಡ ಸೋಲಾರ್ ಪಾರ್ಕ್ ನಮ್ಮ ಜಿಲ್ಲೆಯಲ್ಲೇ ಇದೆ. ಬಿಸಿಲಿಗೆ ಭೂಮಿ ಕೊಟ್ಟ ಜಿಲ್ಲೆಯ ಜನ ಆ ಬಿಸಿಲಿನಲ್ಲೇ ಓಡುವ ಗಾಡಿಯನ್ನು ಕೇಳುವುದರಲ್ಲಿ ತಪ್ಪೇನಿದೆ?

ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2019ರಲ್ಲಿ 'ಮೆಟ್ರೋಲೈಟ್' ಅಂತ ಒಂದು ಮಾನದಂಡ ಹೊರಡಿಸಿದೆ. ರಸ್ತೆ ಮಟ್ಟದಲ್ಲೇ ಬೇಲಿ ಹಾಕಿದ ಹಳಿ, ಮೂರು ಬೋಗಿ, ಒಂದು ಸಲಕ್ಕೆ ಸುಮಾರು 300 ಜನ, ಖರ್ಚು ದೊಡ್ಡ ಮೆಟ್ರೋದ ಶೇ. 40ರಷ್ಟು ಅಂತ ಅಂದಾಜು. ಇದು ಟ್ರಾಮಿನ ಅಣ್ಣತಮ್ಮನೇ. ಜೊತೆಗೆ 2017ರ ಮೆಟ್ರೋ ನೀತಿ ಇನ್ನೊಂದು ಮಾತು ಹೇಳುತ್ತದೆ: ಮೆಟ್ರೋ ಕೇಳುವ ಮೊದಲು ಬಸ್ ಪಥ, ಲೈಟ್ ರೈಲು, ಟ್ರಾಮ್ ಎಲ್ಲವನ್ನೂ ಹೋಲಿಸಿ ನೋಡಬೇಕು. ತುಮಕೂರಿನ ವಿಷಯದಲ್ಲಿ ಆ ಹೋಲಿಕೆ ಊರೊಳಗಿನ ಓಡಾಟಕ್ಕೂ ಆಗಲಿ. ಕಾಟಾಚಾರಕ್ಕೆ ಒಂದು ಪುಟ ಸೇರಿಸಿ ಮುಗಿಸುವುದು ಬೇಡ.

ಇದು ದೆಹಲಿಯ ಕೆಲಸ ಅಂತ ತಮ್ಮ ಅಧಿಕಾರಿಗಳು ಹೇಳಿದರೆ ದಯವಿಟ್ಟು ಸಂವಿಧಾನದ ಏಳನೇ ಶೆಡ್ಯೂಲ್ ತೆರೆಸಿ. ರೈಲ್ವೆ ಕೇಂದ್ರದ ಪಟ್ಟಿಯಲ್ಲಿದೆ. ಆದರೆ ರಾಜ್ಯ ಪಟ್ಟಿಯ 13ನೇ ನಮೂದಿನಲ್ಲಿ ರಸ್ತೆ, ಸೇತುವೆಗಳ ಜೊತೆಗೇ ನಗರಗಳ ಟ್ರಾಮ್‌ ಹೆಸರೂ ಇದೆ. ಅದಕ್ಕೇ ಈ ಪತ್ರವನ್ನು ರೈಲ್ವೆ ಸಚಿವರಿಗೆ ಬರೆಯದೆ ತಮಗೆ ಬರೆಯುತ್ತಿದ್ದೇನೆ.

ದ್ವಿಚಕ್ರದವರ ಭಯ ನನಗೆ ಅರ್ಥವಾಗುತ್ತದೆ. ಮಳೆಯಲ್ಲಿ ಹಳಿಯ ಸಂದಿಗೆ ಸ್ಕೂಟರ್ ಚಕ್ರ ಸಿಕ್ಕಿ ಬೀಳುವುದು ಕೋಲ್ಕತ್ತಾದಲ್ಲಿ ನಿಜವಾದ ತೊಂದರೆ. ಬಿ.ಎಚ್. ರಸ್ತೆಯಲ್ಲಿ ಸ್ಕೂಟರ್ ಇಲ್ಲದ ಮನೆ ಹುಡುಕುವುದೇ ಕಷ್ಟ. ಅದಕ್ಕೆ ಉತ್ತರವೂ ಮತ್ತೆ ಅದೇ: ಟ್ರಾಮ್‌ಗೆ ರಸ್ತೆ ನಡುವೆ ಬೇರೆ ದಾರಿ, ಹುಲ್ಲಿನ ಹಳಿ, ಎರಡೂ ಕಡೆ ಕಲ್ಲಿನ ಅಂಚು. ಗಾಡಿಗಳು ಹಳಿ ದಾಟುವುದು ಸರ್ಕಲ್‌ಗಳಲ್ಲಿ ಮಾತ್ರ, ಅದೂ ನೇರ ಅಡ್ಡಕ್ಕೆ. ಟೌನ್‌ಹಾಲ್ ಹತ್ತಿರ ಜಾಗ ಬಿಗಿಯಾಗುತ್ತೆ, ಅಲ್ಲಿ ಒಂದೇ ಹಳಿ ಸಾಕಾ, ಎರಡು ಹಿಡಿಯುತ್ತಾ ಅನ್ನುವುದನ್ನು ಎಂಜಿನಿಯರುಗಳು ಅಳತೆ ಮಾಡಿ ಹೇಳಲಿ. ಇನ್ನೊಂದು ಕಳಕಳಿಯ ಮನವಿ. ಈ ರಸ್ತೆಯನ್ನು ಅಗೆದು, ಮುಚ್ಚಿ, ಮತ್ತೆ ಅಗೆದು ಅಂಗಡಿಯವರು ವರ್ಷಗಟ್ಟಲೆ ಧೂಳು ತಿಂದಿದ್ದಾರೆ. ನೀರಿನ ಪೈಪು, ಕೇಬಲ್ಲು, ಒಳಚರಂಡಿ ಎಲ್ಲವನ್ನೂ ಮೊದಲೇ ಹಳಿಯ ದಾರಿಯಿಂದ ಪಕ್ಕಕ್ಕೆ ಸರಿಸಿ, ಆಮೇಲೆ ಒಂದೇ ಸಲ ಹಳಿ ಹಾಕಬೇಕು.

ಇನ್ನು ಹಳೇ ಟ್ರಾಮ್. ನಮ್ಮ ಜನರಲ್ಲಿ ಹೆಚ್ಚಿನವರು ಟ್ರಾಮನ್ನು ಸಿನಿಮಾದಲ್ಲಿ ಬಿಟ್ಟರೆ ನೋಡಿಲ್ಲ. ನೋಡದ ವಸ್ತುವನ್ನು ಬೇಕು ಅಂತ ಕೇಳುವುದು ಹೇಗೆ? ಕೋಲ್ಕತ್ತಾದಿಂದ ಒಂದು ಜೋಡಿ ಬೋಗಿ ತರಿಸಿ, ಅಮಾನಿಕೆರೆ ಪಾರ್ಕಿನ ಹತ್ತಿರ ಒಂದು ಚಿಕ್ಕ ಹಳಿ ಹಾಕಿ ಓಡಿಸಿ. ಬಣ್ಣ ಬಳಿದು ಕಟ್ಟೆಯ ಮೇಲೆ ನಿಲ್ಲಿಸುವುದು ಬೇಡ. ಓಡಲಿ. ಮಕ್ಕಳು ಹತ್ತಲಿ, ಹಗ್ಗ ಜಗ್ಗಿ ಗಂಟೆ ಬಾರಿಸಲಿ. ಅದನ್ನು ರಿಪೇರಿ ಮಾಡುವುದನ್ನು ಅಲ್ಲಿನ ಮೆಕ್ಯಾನಿಕ್‌ಗಳಿಂದ ನಮ್ಮ ಐಟಿಐ ಹುಡುಗರು ಕಲಿಯಲಿ. ಆ ಮೆಕ್ಯಾನಿಕ್‌ಗಳು ರಿಟೈರ್ ಆದಮೇಲೆ ಆ ವಿದ್ಯೆ ಕೇಳಿದರೂ ಸಿಗುವುದಿಲ್ಲ. ಕೋಲ್ಕತ್ತಾದಲ್ಲೇ ಟ್ರಾಮ್ ಉಳಿಯಬೇಕು ಅನ್ನುವುದೇ ನನ್ನ ಮೊದಲ ಆಸೆ. ಇನ್ನೊಂದು ರಾಜ್ಯ ಇದಕ್ಕೆ ಬೆಲೆ ಇದೆ ಅಂತ ಕೈಚಾಚಿದರೆ ಅಲ್ಲಿ ಹೋರಾಡುತ್ತಿರುವವರಿಗೂ ಬಲ ಬರುತ್ತದೆ.

ಉಳಿಸುವುದು ನಮಗೆ ಗೊತ್ತಿಲ್ಲದ್ದೇನಲ್ಲ. ಮೈಸೂರಿನ ರೈಲು ಮ್ಯೂಸಿಯಂ 1979ರಿಂದ ಇದೆ. ಪಕ್ಕದ ಚಿಕ್ಕಬಳ್ಳಾಪುರದ ಕಡೆ ಯಲಹಂಕದಿಂದ 1915ರಲ್ಲಿ ಚಿಕ್ಕ ಹಳಿಯ ರೈಲು ಬಂದಿತ್ತು. ಆ ರೈಲು ಈಗಿಲ್ಲ, ಆದರೆ ನಂದಿ ಹಾಲ್ಟ್, ದೊಡ್ಡಜಾಲದಂಥ ಕಲ್ಲಿನ ಸ್ಟೇಷನ್‌ಗಳನ್ನು ಪರಂಪರೆ ಉಳಿಸುವ ಸಂಸ್ಥೆಯಾದ ಇಂಟಾಕ್‌ನವರು ರೈಲ್ವೆ ಜೊತೆ ಸೇರಿ ರಿಪೇರಿ ಮಾಡಿದ್ದಾರೆ. ಆ ಕಟ್ಟಡಗಳನ್ನು ನೋಡಿದಾಗೆಲ್ಲ ಖುಷಿಯಾಗುತ್ತದೆ. ಆ ಪುಟ್ಟ ರೈಲನ್ನೂ ಒಂದು ಉಳಿಸಿಕೊಂಡು ಓಡಿಸಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅಂತಲೂ ಅನ್ನಿಸುತ್ತದೆ.

ತಮ್ಮಿಂದ ಈಗ ಬೇಕಾಗಿರುವುದು ಮೂರು ಆದೇಶ, ಅಷ್ಟೇ. ಮೆಟ್ರೋ ವರದಿ ಜೊತೆಗೇ ಬಿ.ಎಚ್. ರಸ್ತೆಯ ಟ್ರಾಮ್ ಬಗ್ಗೆ ಬೇರೆಯಾಗಿ ಅಧ್ಯಯನ ಮಾಡಿಸಿ, ಅದನ್ನು ಕನ್ನಡದಲ್ಲೇ ಜನರ ಮುಂದೆ ಇಡಿಸಿ. ಆ ಅಧ್ಯಯನ ಮುಗಿಯುವವರೆಗೆ ರಸ್ತೆಯ ನಡುವಿನ ಜಾಗದಲ್ಲಿ ಹೊಸ ಮೇಲ್ಸೇತುವೆ ಕಂಬ ಏಳದಂತೆ ನೋಡಿಕೊಳ್ಳಿ, ಯಾಕೆಂದರೆ ಒಂದು ಸಲ ಕಂಬ ಎದ್ದರೆ ಟ್ರಾಮಿನ ದಾರಿ ಮುಚ್ಚಿಹೋಯಿತು ಅಂತಲೇ ಅರ್ಥ. ಹಳೇ ಬೋಗಿಗಾಗಿ ಪಶ್ಚಿಮ ಬಂಗಾಳ ಸರ್ಕಾರಕ್ಕೆ ಈ ತಿಂಗಳೇ ಒಂದು ಪತ್ರ ಹೋಗಲಿ. ಬೋಗಿಗಳು ಗುಜರಿ ಹರಾಜಿಗೆ ಹೋದಮೇಲೆ ಬರೆದು ಪ್ರಯೋಜನವಿಲ್ಲ.

ಶಿವರಾತ್ರಿಗೆ ಸಿದ್ಧಗಂಗೆ ಜಾತ್ರೆ ಬರುತ್ತದೆ. ಕ್ಯಾತ್ಸಂದ್ರದಲ್ಲಿ ಆಗ ಕಾಲಿಡಲು ಜಾಗ ಇರುವುದಿಲ್ಲ. ಸಾಧ್ಯವಾದರೆ ಆ ದಿನಗಳಲ್ಲಿ ಅಧ್ಯಯನದವರನ್ನು ಕರೆದುಕೊಂಡು ಬನ್ನಿ. ಯಾವ ಸ್ಟಾಪಿನಲ್ಲಿ ಎಷ್ಟು ಜನ ಹತ್ತುತ್ತಾರೆ, ಎಷ್ಟು ಜನ ಜಾಗ ಸಿಗದೆ ಹಿಂದೆ ಉಳಿಯುತ್ತಾರೆ ಅಂತ ಎಣಿಸಲು ಬಟವಾಡಿಯ ನಾವು ಒಂದಷ್ಟು ಜನ ಜೊತೆಗೆ ನಿಲ್ಲಲು ಸಿದ್ಧರಿದ್ದೇವೆ.

ಗೌರವಗಳೊಂದಿಗೆ,
ತಮ್ಮ ವಿಶ್ವಾಸಿ,
ಬಟವಾಡಿಯ ಒಬ್ಬ ನಿವಾಸಿ, ತುಮಕೂರು